ಕೇರಿಯ ಕಲ್ಲು, ಅಟ್ಟದ ಪೆಟ್ಟಿಗೆ

ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಬಸರೂರಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದರು. 1600ರಿಂದ 1650ರ ನಡುವಿನ ಬಸರೂರು ಬಂದರು, ಪೋರ್ಚುಗೀಸರು, ಅಲ್ಲಿಂದ ಹಡಗೇರುತ್ತಿದ್ದ ಅಕ್ಕಿ ಅದರ ವಸ್ತು. ಮುಂದೆ ಜಗತ್ತಿನ ಹೆಸರಾಂತ ಇತಿಹಾಸಕಾರರಲ್ಲಿ ಒಬ್ಬರಾದ ಅವರು ಆಗಿನ್ನೂ ಇಪ್ಪತ್ತರ ಹರೆಯದವರು. ಹಿಂದೂ ಮಹಾಸಾಗರದ ವ್ಯಾಪಾರದ ಬಗ್ಗೆ ಓದುವವರು ಎಲ್ಲೇ ಇರಲಿ, ಆ ಲೇಖನವನ್ನು ಬಲ್ಲರು. ಬಸರೂರಿನಿಂದಲೇ ಬಸ್ಸು ಹತ್ತಿ ಬಂದು ನನ್ನ ಬಿ.ಎ. ತರಗತಿಯಲ್ಲಿ ಕೂತು, ಇತಿಹಾಸ ಓದಿ, ಪದವಿ ಪಡೆದು ಹೋದ ಎಷ್ಟೋ ಮಕ್ಕಳಿಗೆ ಮಾತ್ರ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಅವರು ಓದಿದ ಪುಸ್ತಕಗಳಲ್ಲಿ ಬಸರೂರಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಸಾಲು: 1665ರಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ಸೂರೆ ಮಾಡಿದ ಊರು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಮಕ್ಕಳು ಬರುವ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡಿಕೊಂಡು ಬಂದವನು. ಸಂಶೋಧನೆ ವಿಶ್ವವಿದ್ಯಾನಿಲಯದ ಕೆಲಸ, ಪಾಠ ಕಾಲೇಜಿನ ಕೆಲಸ ಎಂಬ ಹಂಚಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಪಿಎಚ್.ಡಿ. ಮುಗಿಸಿದ ಅಧ್ಯಾಪಕರು ಕೂಡ ಪ್ರಬಂಧಕ್ಕೆ ರಟ್ಟು ಹಾಕಿಸಿ ಕಪಾಟಿನಲ್ಲಿಟ್ಟು ಮರುದಿನ ಹಳೇ ನೋಟ್ಸ್ ಹಿಡಿದೇ ತರಗತಿಗೆ ಹೋಗುತ್ತಾರೆ. ಆ ಗೋಡೆಯನ್ನು ಸ್ವಲ್ಪವಾದರೂ ಕೆಡವಬೇಕು ಎಂದು ಹೊರಟಾಗ ಏನೇನು ಕಂಡಿತು, ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಈ ಹಂಚಿಕೆ ನಮ್ಮ ಕರಾವಳಿಗೆ ಒಪ್ಪುವಂಥದ್ದೇ ಅಲ್ಲ. ತುಳುನಾಡಿನ ಇತಿಹಾಸ ಎಂದಾಗ ಇವತ್ತಿಗೂ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ, 1975ರಲ್ಲಿ ಬಂದ 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್', ಬರೆದವರು ಪಾದೂರು ಗುರುರಾಜ ಭಟ್ಟರು. ಅವರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು; ಊರೂರು ಸುತ್ತಿ, ದೇವಸ್ಥಾನ, ಬಸದಿ, ಮೂರ್ತಿ, ಶಾಸನಗಳನ್ನು ಕಣ್ಣಾರೆ ನೋಡಿ ಬರೆದರು. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ, ಭಟ್ಟರು ತೀರಿಕೊಂಡದ್ದು 1978ರಲ್ಲಿ. ಅಂದರೆ ನಮ್ಮ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾನಿಲಯ ಬರುವ ಮೊದಲೇ ಒಬ್ಬ ಕಾಲೇಜು ಮೇಷ್ಟ್ರು ಈ ಕೆಲಸ ಮಾಡಿ ಮುಗಿಸಿದ್ದರು. ಅವರ ನಂತರವೂ ಪರಂಪರೆ ನಿಂತಿಲ್ಲ. ಶಿರ್ವದ ಮುಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪ್ರೊ. ಟಿ. ಮುರುಗೇಶಿ ಅವರು ಬೈಂದೂರು ತಾಲೂಕಿನ ಅವಲಕ್ಕಿ ಪಾರೆಯ ಬಂಡೆಗಳಲ್ಲಿ ಆದಿಮಾನವರ ಚಿತ್ರಗಳನ್ನು ಗುರುತಿಸಿದ್ದು ಪದವಿ ಕಾಲೇಜಿನ ಅಧ್ಯಾಪಕರಾಗಿಯೇ.

ನಾನು ಮೊದಲು ಮಾಡಿದ್ದು ಬಾರ್ಕೂರಿನ ಶಾಸನಗಳನ್ನು ತರಗತಿಗೆ ತಂದದ್ದು. ಕಲ್ಲನ್ನಲ್ಲ, ಅಚ್ಚಾದ ಪಾಠವನ್ನು. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಏಳನೇ ಸಂಪುಟದಲ್ಲಿ ಬಾರ್ಕೂರಿನ ಶಾಸನಗಳು ಸಾಲಾಗಿವೆ. 1932ರಲ್ಲಿ ಬಂದ ಸಂಪುಟ. ಆಗ ನಮ್ಮದು ಮದ್ರಾಸು ಪ್ರಾಂತ್ಯ. ತಲೆಬರಹ ಇಂಗ್ಲಿಷಿನಲ್ಲಿದ್ದರೂ ಶಾಸನಪಾಠ ಕನ್ನಡ ಲಿಪಿಯಲ್ಲೇ ಇದೆ. ಆಳುಪರು, ಆಮೇಲೆ ವಿಜಯನಗರದ ಅರಸರ ಕೈಕೆಳಗೆ ಬಾರಕೂರು ರಾಜ್ಯವನ್ನು ಆಳಿದ ಅಧಿಕಾರಿಗಳು, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಕೇರಿಗಳು. ಈ ಕೇರಿಗಳ ಹೆಸರು ಇವತ್ತೂ ಬದಲಾಗಿಲ್ಲ. ಮೂಡುಕೇರಿಯ ಮಗು ತರಗತಿಯಲ್ಲಿ ಕೂತಿರುವಾಗ ತನ್ನ ಕೇರಿಯ ಹೆಸರನ್ನು ಅಚ್ಚಾದ ಶಾಸನದಲ್ಲಿ ಓದುವುದು ಬೇರೆಯೇ ಅನುಭವ. "ಸರ್, ಈ ಕಲ್ಲ್ ನಮ್ಮನಿ ಹತ್ರವೇ ಇತ್ತ್" ಎಂದು ಒಬ್ಬಳು ಎದ್ದು ನಿಂತಳು. ಇರಬಹುದು, ಇಲ್ಲದಿರಲೂಬಹುದು. ಹೋಗಿ ನೋಡೋಣ ಎಂದೆ.

ಪ್ರಶ್ನೆ ಸಣ್ಣದಿರಬೇಕು ಎಂಬುದು ಅಲ್ಲಿಂದ ತಿಳಿಯಿತು. 'ಬಾರ್ಕೂರಿನ ಇತಿಹಾಸ' ಎಂದು ವಿಷಯ ಕೊಟ್ಟರೆ ಮಕ್ಕಳು ಮೊಬೈಲಿನಲ್ಲಿ ಸಿಕ್ಕಿದ್ದನ್ನು ಇಳಿಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದು ಮೇಜಿನ ಮೇಲಿಡುತ್ತಾರೆ. 365 ದೇವಸ್ಥಾನಗಳ ಊರು ಎಂಬಲ್ಲಿಂದ ಆರಂಭ, 'ನಮ್ಮ ಹೆಮ್ಮೆ' ಎಂಬಲ್ಲಿಗೆ ಮುಕ್ತಾಯ. ಅದರ ಬದಲು 'ಏಳನೇ ಸಂಪುಟದಲ್ಲಿ ಮೂಡುಕೇರಿಯವು ಎಂದು ಅಚ್ಚಾದ ಶಾಸನಗಳಲ್ಲಿ ಇವತ್ತು ಹೇಳಿದ ಜಾಗದಲ್ಲೇ ಇರುವುದು ಎಷ್ಟು, ಇಲ್ಲದ್ದು ಎಲ್ಲಿ ಹೋಯಿತು?' ಎಂದು ಕೇಳಿದಾಗ ಮೊಬೈಲಿನಿಂದ ಇಳಿಸಿಕೊಳ್ಳಲು ಏನೂ ಸಿಗುವುದಿಲ್ಲ. ಉತ್ತರ ಮೇಷ್ಟ್ರಿಗೂ ಗೊತ್ತಿಲ್ಲ. ಮೇಷ್ಟ್ರಿಗೆ ಗೊತ್ತಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಮಕ್ಕಳು ಚುರುಕಾಗುತ್ತಾರೆ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದುವರೆಗೆ ಅವರ ಲೆಕ್ಕದಲ್ಲಿ ಪ್ರಶ್ನೆ ಎಂದರೆ ಉತ್ತರ ಆಗಲೇ ಇನ್ನೊಬ್ಬರ ಜೇಬಿನಲ್ಲಿರುವ ಸಂಗತಿ.

ಕಲ್ಲು ಓದುವ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ನೇರ ನಿಂತು ನೋಡಿದರೆ ಕರಾವಳಿಯ ಶಾಸನಗಳಲ್ಲಿ ಅರ್ಧ ಅಕ್ಷರ ಕಾಣುವುದಿಲ್ಲ. ಮಳೆ, ಪಾಚಿ, ದೇವಸ್ಥಾನದ ಎಣ್ಣೆ, ಮೇಲೊಂದು ಪದರ ಸುಣ್ಣ. ಬೆಳಗ್ಗೆ ಬೇಗ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ನೋಡಬೇಕು. ಇಲ್ಲವೇ ಕಲ್ಲಿಗೆ ನೆರಳು ಮಾಡಿ, ಒಂದು ಬದಿಯಿಂದ ಟಾರ್ಚ್ ಹಿಡಿಯಬೇಕು. ಮೊಬೈಲಿನ ಟಾರ್ಚ್ ಸಾಕು, ಆದರೆ ಅದು ಕಲ್ಲಿಗೆ ತಾಗುವಷ್ಟು ಹತ್ತಿರ, ಅಡ್ಡವಾಗಿ ಇರಬೇಕು. ಆಗ ಅಕ್ಷರದ ಗುಂಡಿಯಲ್ಲಿ ನೆರಳು ತುಂಬಿ, ಇಲ್ಲದ ಸಾಲು ಎದ್ದು ಬರುತ್ತದೆ. ಸೀಮೆಸುಣ್ಣ ತಿಕ್ಕಬಾರದು, ತಂತಿ ಬ್ರಶ್ ಮುಟ್ಟಿಸಲೇಬಾರದು. ನೀರು, ಮೆತ್ತನೆ ಬ್ರಶ್ ಅಷ್ಟೆ. ಮೇಲ್ಗಡೆ ಸೂರ್ಯ, ಚಂದ್ರ, ಲಿಂಗ, ಹಸು. ಕೊನೆಯಲ್ಲಿ ದಾನ ಕೆಡಿಸಿದವನಿಗೆ ಶಾಪ. ನಡುವಿನ ಸಾಲುಗಳಲ್ಲಿ ಇತಿಹಾಸ. ಹುಡುಗರು ಮೊದಲು ಓದಿದ್ದು ಶಾಪವನ್ನೇ, ಯಾಕೆಂದರೆ ಅದು ಎಲ್ಲ ಕಲ್ಲಲ್ಲೂ ಹೆಚ್ಚುಕಡಿಮೆ ಒಂದೇ. ಶಾಪದ ಅಕ್ಷರಗಳಿಂದ ಲಿಪಿ ಕಲಿತು ಮೇಲಿನ ಸಾಲುಗಳಿಗೆ ಹತ್ತಿದರು. ಈ ಉಪಾಯ ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು.

ಒಂದು ಕಲ್ಲಿನಲ್ಲಿ ಅಕ್ಕಿಯ ಲೆಕ್ಕ ಬಂತು, ಮುಡಿಯ ಲೆಕ್ಕ. ಈಗಿನ ಮಕ್ಕಳಲ್ಲಿ ಮುಡಿ ಕಂಡವರು ಕಡಿಮೆ. ದೇವಸ್ಥಾನದ ಉತ್ಸವದಲ್ಲೋ ನಾಟಕದ ಸೆಟ್ಟಿನಲ್ಲೋ ನೋಡಿರಬಹುದು. ಬಾರ್ಕೂರು ಕಡೆಯ ಒಬ್ಬ ಹುಡುಗನ ಅಜ್ಜಯ್ಯ ಅಂಗಳದಲ್ಲಿ ಕೂತು ಕಟ್ಟಿ ತೋರಿಸಿದರು. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ, ಹುಲ್ಲಿನ ಹಗ್ಗ ಸುತ್ತುತ್ತಾ ಹೋದ ಹಾಗೆ ನಡುನಡುವೆ ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡಿದರು. ಬಡಿದದ್ದು ಯಾಕೆ ಎಂದು ಒಬ್ಬಳು ಕೇಳಿದಳು. ಒಳಗೆ ಗಾಳಿ ಉಳಿಯಬಾರದು, ಉಳಿದರೆ ಹುಳ ಬರುತ್ತದೆ ಎಂದರು ಅಜ್ಜಯ್ಯ. ಮರುದಿನ ತರಗತಿಯಲ್ಲಿ ಸುಬ್ರಹ್ಮಣ್ಯಂ ಅವರ ಲೇಖನ ತೆಗೆದೆ. ಹೊಳೆಯ ದಾರಿಯಲ್ಲಿ, ಆಮೇಲೆ ಸಮುದ್ರದಲ್ಲಿ ದೂರ ಹೋಗುವ ಅಕ್ಕಿ ಕೆಡದೆ ಇರಬೇಕಾದರೆ ಅದನ್ನು ಹೇಗೆ ಕಟ್ಟಿದ್ದಿರಬಹುದು ಎಂಬ ಪ್ರಶ್ನೆ ನಾನು ಹಾಕಲಿಲ್ಲ, ತಾನಾಗಿಯೇ ಬಂತು.

ಆ ಲೇಖನ ಓದಿಸುವುದು ಸುಲಭವಾಗಿರಲಿಲ್ಲ. ನಮ್ಮ ಬಿ.ಎ. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಮೂವತ್ತು ಪುಟದ ಇಂಗ್ಲಿಷ್ ಸಂಶೋಧನಾ ಲೇಖನ ಕೊಟ್ಟು ಓದಿಕೊಂಡು ಬನ್ನಿ ಎಂದರೆ ಮರುದಿನ ಅರ್ಧ ತರಗತಿ ಖಾಲಿ. ನಾನು ಕಂಡುಕೊಂಡ ದಾರಿ ಇಷ್ಟು: ಇಡೀ ವಾದವನ್ನು ಕನ್ನಡದಲ್ಲಿ ಕಥೆಯ ಹಾಗೆ ಹೇಳುವುದು, ಆಮೇಲೆ ಒಂದೇ ಒಂದು ಪ್ಯಾರಾ, ಅಥವಾ ಒಂದು ಅಡಿಟಿಪ್ಪಣಿ ಎತ್ತಿಕೊಂಡು ಇಡೀ ಗಂಟೆ ಅದರ ಮೇಲೆ ಕೂರುವುದು. ಇವರಿಗೆ ಇದು ಹೇಗೆ ಗೊತ್ತಾಯಿತು? ಪೋರ್ಚುಗೀಸರ ಕಾಗದಪತ್ರದಿಂದ. ಪೋರ್ಚುಗೀಸರು ಯಾಕೆ ಬರೆದಿಟ್ಟರು? 1569ರಲ್ಲಿ ಅವರು ಇಲ್ಲಿ ಕೋಟೆ ಹಿಡಿದರು, ಅವರಿಗೆ ಅಕ್ಕಿ ಬೇಕಿತ್ತು. ಹಾಗಾದರೆ ಬಸರೂರಿನ ವ್ಯಾಪಾರಿಗಳ ಕಡೆಯ ಮಾತು ಎಲ್ಲಿದೆ? ಈ ಕೊನೆಯ ಪ್ರಶ್ನೆ ಬಂದ ದಿನ ಪಾಠ ಸಾರ್ಥಕ ಎನಿಸಿತು. ಅಡಿಟಿಪ್ಪಣಿಯಿಂದ ಪಾಠ ಶುರು ಮಾಡುವ ಅಭ್ಯಾಸ ನನಗೆ ಬಂದದ್ದು ಹೀಗೆ.

ಬೈಂದೂರು ಕಡೆಯ ಮಕ್ಕಳಿಗೆ ಫ್ರಾನ್ಸಿಸ್ ಬುಕಾನನ್ ಒಗ್ಗಿದ. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕಳಿಸಿದ ಈ ವೈದ್ಯ 1801ರಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ದಾರಿಯಾಗಿ ಉತ್ತರಕ್ಕೆ ಹೋದವನು; ದಿನದಿನವೂ ಕಂಡದ್ದನ್ನು ಬರೆದ, ಪುಸ್ತಕ 1807ರಲ್ಲಿ ಬಂತು. ಮಣ್ಣು, ಬೆಳೆ, ಗೇಣಿ, ಜಾತಿ, ಉಪ್ಪು. ಅವನ ದಾರಿಯ ಹೆಚ್ಚಿನ ಭಾಗದಲ್ಲಿ ಈಗ ಚತುಷ್ಪಥ ಹೆದ್ದಾರಿ ಹಾದುಹೋಗಿದೆ. ಬುಕಾನನ್ ಬರೆದ ಒಂದು ದಿನದ ದಿನಚರಿ ಹಿಡಿದು ಅದೇ ದಾರಿಯಲ್ಲಿ ಹೋಗಿ, ಅವನು ಹೇಳಿದ್ದರಲ್ಲಿ ಏನು ಉಳಿದಿದೆ ಎಂದು ಬರೆಯಿರಿ ಎಂದೆ. ಬಿ.ಕಾಂ. ಮಕ್ಕಳೂ ಇದನ್ನು ಖುಷಿಯಿಂದ ಮಾಡಿದರು, ಇತಿಹಾಸದ ಮಕ್ಕಳಿಗಿಂತ ಚೆನ್ನಾಗಿಯೇ. ಲೆಕ್ಕ ಅವರಿಗೆ ಬರುತ್ತದೆ. ನಮ್ಮ ಕಾಲೇಜುಗಳಲ್ಲಿ ಬಿ.ಎ. ಸೊರಗುತ್ತಿದೆ, ಇತಿಹಾಸ ಮುಚ್ಚುತ್ತದೆ ಎಂದು ಕೊರಗುವ ಬದಲು ಬಿ.ಕಾಂ. ಮಕ್ಕಳ ಕೈಗೆ ಹಳೇ ಲೆಕ್ಕದ ಪುಸ್ತಕ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕಷ್ಟ ಬಂದದ್ದು ಮನೆಯ ಕಾಗದಪತ್ರಗಳಿಗೆ ಕೈ ಹಾಕಿದಾಗ.

"ನಮ್ಮನಿ ಅಟ್ಟದ್ ಮೇಲೆ ಒಂದ್ ಪೆಟ್ಗಿ ಇತ್ತ್ ಸರ್, ಕಾಗ್ದ ತುಂಬ್ಸಿ ಇಟ್ಟಿರ್" ಎಂದು ಒಬ್ಬ ಹುಡುಗ ಹೇಳಿದ. ತಂದು ತೋರಿಸಿದ್ದು ಗೇಣಿ ಚೀಟುಗಳ ಕಟ್ಟು: ಇಂಥ ವರ್ಷ ಇಷ್ಟು ಮುಡಿ ಅಕ್ಕಿ ಸಂದಾಯ, ಬಾಕಿ ಇಷ್ಟು. ಅದರ ಕೆಳಗೆ 'ನಮೂನೆ 7'ರ ನಕಲು, ನಮ್ಮ ಕಡೆಯವರ ಬಾಯಲ್ಲಿ 'ಡಿಕ್ಲರೇಷನ್'. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಉಳುವವನು ಭೂನ್ಯಾಯ ಮಂಡಳಿಗೆ ಕೊಡಬೇಕಿದ್ದ ಅರ್ಜಿ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾನೂನು ಮಾಡಿದಷ್ಟು ಕೆಲಸ ರಾಜ್ಯದ ಬೇರೆ ಕಡೆ ಮಾಡಿದ್ದು ಕಡಿಮೆ. ಇದು ಪುಸ್ತಕದಲ್ಲಿ ಒಂದು ಪ್ಯಾರಾ. ಆ ಹುಡುಗನ ಮನೆಯಲ್ಲಿ ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದ ಕಥೆ. ಎಂಥ ಒಳ್ಳೆಯ ಆಕರ! ಎಲ್ಲರೂ ಮನೆಯಲ್ಲಿ ಕೇಳಿ, ಇದ್ದದ್ದನ್ನು ತನ್ನಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯ ಮುಖ ನೋಡಿದೆ. ಚೀಟಿನಲ್ಲಿ ಧಣಿಯೆಂದು ಬರೆದಿದ್ದ ಮನೆತನದ ಹೆಸರೂ ಅವಳ ಇನಿಶಿಯಲ್ಲಿನ ಹಿಂದಿದ್ದ ಹೆಸರೂ ಒಂದೇ. ಅವಳ ಮನೆಯಲ್ಲಿ ಅದೇ 1974ರ ಕಥೆ ಬೇರೆ ರೀತಿ ಹೇಳುತ್ತಾರೆ: ಗಂಡಸರಿಲ್ಲದ ಮನೆ, ಗೇಣಿಯ ಅಕ್ಕಿಯಲ್ಲೇ ವರ್ಷ ಕಳೆಯುತ್ತಿದ್ದ ಅಜ್ಜಿ, ಒಂದು ಅರ್ಜಿಯಿಂದ ಹೋದ ಗದ್ದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುವವರು. ಕೆಲವು ಮನೆಗಳ ನಡುವೆ ಈಗಲೂ ಗಡಿಯ ತಕರಾರು ಕೋರ್ಟಿನಲ್ಲಿದೆ. ಇಂಥಲ್ಲಿ ಕಾಗದವನ್ನು ತರಗತಿಯ ನಡುವೆ ಹರಡಿದರೆ ಅದು ಇತಿಹಾಸದ ಪಾಠವಾಗಿ ಉಳಿಯುವುದಿಲ್ಲ.

ಆಮೇಲೆ ಒಂದು ಕ್ರಮ ಮಾಡಿಕೊಂಡೆವು, ಮಕ್ಕಳೂ ನಾನೂ ಕೂತು. ಕಾಗದ ಮನೆಯಿಂದ ಹೊರಗೆ ಬರುವುದಿಲ್ಲ. ಓದುವುದು ಮನೆಯಲ್ಲೇ, ಹಿರಿಯರ ಎದುರಿಗೆ, ಅವರು ಬೇಡ ಎಂದರೆ ಬಿಡುವುದು. ಫೋಟೋ ತೆಗೆಯುವುದಿಲ್ಲ. ತರಗತಿಗೆ ತರುವುದು ಹೆಸರು, ಸರ್ವೆ ನಂಬರು, ಊರು ಬಿಟ್ಟು ಉಳಿದದ್ದು: ವರ್ಷ, ಗೇಣಿಯ ಪ್ರಮಾಣ, ಅಕ್ಕಿಯಲ್ಲೋ ಹಣದಲ್ಲೋ, ಬೆಟ್ಟುಗದ್ದೆಯೋ ಬೈಲುಗದ್ದೆಯೋ. ಧಣಿಯ ಕಡೆಯ ಕಾಗದವೂ ಒಕ್ಕಲಿನ ಕಡೆಯ ಕಾಗದವೂ ಒಂದೇ ಪಟ್ಟಿಯಲ್ಲಿ ಸೇರಬೇಕು. ಪಟ್ಟಿ ಬೆಳೆದ ಹಾಗೆ ಯಾರ ಮನೆಯದು ಎಂಬುದು ಹಿಂದೆ ಸರಿಯಿತು, ಯಾವ ವರ್ಷ ಏನಾಯಿತು ಎಂಬುದು ಮುಂದೆ ಬಂತು. ಸಂಶೋಧನೆಯ ನೀತಿಸಂಹಿತೆ ಎಂದು ವಿಶ್ವವಿದ್ಯಾನಿಲಯಗಳಲ್ಲಿ ಕೋರ್ಸ್ ಇದೆ. ನಮ್ಮ ಮಕ್ಕಳು ಅದನ್ನು ಒಂದು ವಾರದಲ್ಲಿ ಕಲಿತರು, ಕಲಿಯದೆ ಗತಿಯೂ ಇರಲಿಲ್ಲ. ಆ ಹುಡುಗಿ ಮುಂದೆ ತನ್ನ ಅಜ್ಜಿಯ ಹತ್ತಿರ ಕೂತು ಬರೆದುಕೊಂಡು ತಂದದ್ದು ಇಡೀ ತರಗತಿಯಲ್ಲೇ ಒಳ್ಳೆಯ ಕೆಲಸ.

ಇನ್ನು ಐತಿಹ್ಯಗಳ ಮಾತು. ಬಾರ್ಕೂರು ಎಂದರೆ ಭೂತಾಳ ಪಾಂಡ್ಯನೆಂಬ ಅರಸ, ಸೋದರಳಿಯನಿಗೆ ಆಸ್ತಿ ಸಲ್ಲುವ ಅಳಿಯಸಂತಾನ ಪದ್ಧತಿ ಬಂದದ್ದು ಅವನಿಂದ ಎಂಬುದು ಇಲ್ಲಿ ಎಲ್ಲರ ಮನೆಮಾತು. ಇತಿಹಾಸಕಾರರು ಅದನ್ನು ಐತಿಹ್ಯವೆಂದೇ ಬಗೆಯುತ್ತಾರೆ. ಇದನ್ನು ತರಗತಿಯಲ್ಲಿ ಒಮ್ಮೆಲೇ ಹೇಳಿದರೆ ಮಕ್ಕಳು ಪರೀಕ್ಷೆಗೆ ಒಂದು, ಮನೆಗೆ ಒಂದು ಎಂದು ಎರಡು ಖಾತೆ ತೆರೆಯುತ್ತಾರೆ. ಅದಕ್ಕಿಂತ, ಈ ಕಥೆ ಯಾವ ಕಾಲದ ಬರಹದಲ್ಲಿ ಮೊದಲು ಕಾಣುತ್ತದೆ, ಅದಕ್ಕೆ ಮೊದಲಿನ ಕಲ್ಲುಗಳು ಏನು ಹೇಳುತ್ತವೆ ಎಂದು ಹುಡುಕಲು ಬಿಡುವುದು ಲೇಸು. ಕಥೆ ಯಾಕೆ ಬೇಕಾಯಿತು ಎಂದು ಕೇಳಿದಾಗ ಯಾರಿಗೂ ನೋವಾಗಲಿಲ್ಲ. ಹಾಯ್ಗುಳಿ ದೈವದ ಕಟ್ಟೆಯ ಪಕ್ಕ ಪೂಜೆಗೊಳ್ಳುವ ಕಲ್ಲು ವೀರಗಲ್ಲು ಎಂದು ಗುರುತಿಸಿದ ಮಕ್ಕಳು ಅದಕ್ಕೆ ಕೈಮುಗಿದೇ ಅಳತೆ ತೆಗೆದರು.

ಅಂಕದ ವಿಷಯವನ್ನೂ ಹೇಳಿಬಿಡುತ್ತೇನೆ. ಆಂತರಿಕ ಅಂಕವನ್ನು ವರದಿಗೆ ಕೊಡಬಾರದು, ಕ್ಷೇತ್ರಕಾರ್ಯದ ನೋಟ್‌ಬುಕ್ಕಿಗೆ ಕೊಡಬೇಕು. ಎಣ್ಣೆ ಕಲೆ ಹತ್ತಿದ, ಹೊಡೆದು ಹಾಕಿದ, ದಿನಾಂಕ ಹಾಕಿದ ಪುಸ್ತಕವನ್ನು ಜೆರಾಕ್ಸ್ ಅಂಗಡಿ ತಯಾರಿಸಿ ಕೊಡಲಾರದು. ಮತ್ತೆ, ಕ್ಷೇತ್ರಕಾರ್ಯ ಬಸ್ಸಿನ ಸಮಯಕ್ಕೆ ಹೊಂದಬೇಕು. ನಮ್ಮ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಒಳಊರಿನ ಕೊನೇ ಬಸ್ಸು ತಪ್ಪಿದರೆ ಆ ವರ್ಷದ ಸಂಶೋಧನೆಗೆ ಮನೆಯವರು ಅಲ್ಲಿಗೇ ಮಂಗಳ ಹಾಡುತ್ತಾರೆ.

ಇಷ್ಟೆಲ್ಲ ಮಾಡಿದ್ದು ಅಧ್ಯಾಪಕರ ಬಡ್ತಿಗೆ ಲೆಕ್ಕಕ್ಕೆ ಬರುವುದು ಅತ್ಯಲ್ಪ. 2010ರ ಯುಜಿಸಿ ನಿಯಮಾವಳಿಯಲ್ಲಿ ಅಧ್ಯಾಪಕರ ಸಾಧನೆ ಅಳೆಯುವ ಎಪಿಐ ಅಂಕಗಳು ಬಂದ ಮೇಲೆ ಲೇಖನ ಎಣಿಸುವ ಕಾಲ ಬಂತು. ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಅದನ್ನು ತಡೆಯಲು 2018ರಲ್ಲಿ ಮಾನ್ಯ ಪತ್ರಿಕೆಗಳ 'ಕೇರ್' ಪಟ್ಟಿ ತಂದರು, 2025ರಲ್ಲಿ ಅದನ್ನೂ ಕೈಬಿಟ್ಟರು. ಈ ಓಡಾಟದಲ್ಲಿ ತರಗತಿಯನ್ನು ಯಾರೂ ಕೇಳಲಿಲ್ಲ. ಒಳ್ಳೆಯ ಸಂಶೋಧಕ ತಾನಾಗಿ ಒಳ್ಳೆಯ ಅಧ್ಯಾಪಕನಾಗುತ್ತಾನೆ ಎಂಬ ನಂಬಿಕೆಯೂ ಪೊಳ್ಳು. ಜಾನ್ ಹ್ಯಾಟಿ ಮತ್ತು ಹರ್ಬರ್ಟ್ ಮಾರ್ಷ್ 1996ರಲ್ಲಿ 58 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಎರಡರ ನಡುವೆ ಕಂಡ ಸಂಬಂಧ 0.06, ಇಲ್ಲವೆಂದೇ ಹೇಳಬಹುದು. ಎರಡನ್ನೂ ಬೆಸೆಯಬೇಕಾದರೆ ಬೇಕೆಂದೇ ಬೆಸೆಯಬೇಕು, ತಾನಾಗಿ ಆಗುವುದಿಲ್ಲ ಎಂಬುದು ಅವರ ಲೆಕ್ಕದಿಂದಲೂ ನನ್ನ ಅನುಭವದಿಂದಲೂ ಒಂದೇ ರೀತಿ ಹೊರಡುತ್ತದೆ. 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯಲ್ಲಿ ಸಂಶೋಧನೆಗೆ ಒಂದು ವರ್ಷದ ಅವಕಾಶವಿತ್ತು. 2024ರಲ್ಲಿ ಕರ್ನಾಟಕ ಮತ್ತೆ ಮೂರು ವರ್ಷಕ್ಕೆ ಮರಳಿತು. ನನಗೆ ಇದರಲ್ಲಿ ದೊಡ್ಡ ಬೇಸರವಿಲ್ಲ. ಸಂಶೋಧನೆಯನ್ನು ನಾಲ್ಕನೇ ವರ್ಷಕ್ಕೆ ಇಡುವುದೇ ತಪ್ಪು. ಮೊದಲ ಸೆಮಿಸ್ಟರಿನ ಮಗುವಿಗೂ ಟಾರ್ಚ್ ಹಿಡಿಯಲು ಬರುತ್ತದೆ.

ಮೂಡುಕೇರಿಯ ಪ್ರಶ್ನೆಗೆ ಮಕ್ಕಳು ಕಂಡುಕೊಂಡ ಉತ್ತರ ಸಂತೋಷದ್ದಲ್ಲ. ಕೆಲವು ಕಲ್ಲು ಪುಸ್ತಕ ಹೇಳಿದಲ್ಲೇ ಇವೆ. ಕೆಲವಕ್ಕೆ ಸಿಮೆಂಟ್ ಮೆತ್ತಿದೆ, ಕೆಲವು ಸಿಗಲೇ ಇಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮ ಕಡೆ ಜೀರ್ಣೋದ್ಧಾರವಾಗದ ದೇವಸ್ಥಾನ ಕಡಿಮೆ. ಹಳೇ ಕಲ್ಲು ತೆಗೆದು ಗ್ರಾನೈಟ್ ಹಾಕುವ ಗಡಿಬಿಡಿಯಲ್ಲಿ ಶಾಸನ ಎಂದು ತಿಳಿಯದೆ ಮೂಲೆಗೆ ಎಸೆದದ್ದಿದೆ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ದೇವಸ್ಥಾನದ ಕೆಲಸ ಶುರುವಾಗುವ ಮೊದಲು, ಹಳೇ ಮನೆ ಕೆಡವಿ ಅಟ್ಟ ಖಾಲಿ ಮಾಡುವ ಮೊದಲು, ಹತ್ತಿರದ ಪದವಿ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಫೋನ್ ಮಾಡಿ. ಮೇಷ್ಟ್ರು ಬರಲಿ, ಬಿಡಲಿ, ಮಕ್ಕಳನ್ನು ಕಳಿಸಿ ಎಂದು ಹಟ ಹಿಡಿದು ಕೇಳಿ. ಅವರಿಗೆ ಬೇಕಾದ್ದು ಅರ್ಧ ದಿನ, ಒಂದು ಕೊಡ ನೀರು ಮತ್ತು ನಿಮ್ಮ ಅನುಮತಿ.